ಎರಡನೆಯ ಸಾಲಿನ ಹೆಸರು

ಫ್ಯಾನಿನ ಗಾಳಿಗೆ ಅರ್ಜಿಯ ಮೂಲೆ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ, ಲಖನ ಅದರ ಮೇಲೆ ತನ್ನ ಮೊಬೈಲು ಇಟ್ಟ, ಈಗ ಸುಮ್ಮನಾಯಿತು, ಪೀರಸಾಬನ ಕಣ್ಣು ಮಾತ್ರ ಕಂಪ್ಯೂಟರಿನ ಎರಡನೆಯ ಸಾಲು ಬಿಟ್ಟು ಕದಲುತ್ತಿಲ್ಲ — ಒಂದು, ಅಸ್ಫಾಕ, ಮಗ. ಎರಡು, ಫರಹಾದ, ಮಗ. ಮೂರು, ಗುಲನಾಜ, ಮಗಳು. ಹೋದ ಸೋಮವಾರವೂ ಚಿಕ್ಕೋಡಿಯ ಈ ಮಾಜಿ ಸೈನಿಕರ ಸಂಘದ ಕೋಣೆಯಲ್ಲಿ ಇದೇ ಕುರ್ಚಿ, ಇದೇ ಫ್ಯಾನು, ಹೆಂಡತಿ ರಹಿಮಾಬಿಯ ಮೊಣಕಾಲಿನ ಆಪರೇಶನ್ನಿಗೆ ಮಿಲಿಟರಿ ದವಾಖಾನೆಯ ಕಾರ್ಡು ಮಾಡಿಸಲು ಕುಡಚಿಯಿಂದ ಬಂದಿದ್ದ, ಸಂಘದ ಕಾಗದಪತ್ರ ನೋಡಿಕೊಳ್ಳುವ ಲಖನ ಸೇನೆಯ ದಾಖಲೆ ತೆರೆದವನೇ ಕಾಕಾ, ನಿಮಗ ಮಕ್ಕಳೆಷ್ಟರಿ ಅಂದ, ಎರಡಪಾ, ಒಂದ ಗಂಡು ಒಂದ ಹೆಣ್ಣು, ಇಲ್ಲಿ ಮೂರ ಅದಾವಲ್ರಿ ಕಾಕಾ, ಫರಹಾದ ಯಾರ್ರಿ — ಯಾರು? ಪೀರಸಾಬ ನಕ್ಕುಬಿಟ್ಟಿದ್ದ. ಅರವತ್ತು ದಾಟಿದವನಿಗೆ ಇದ್ದಕ್ಕಿದ್ದಂತೆ ಒಬ್ಬ ಮಗ ಹುಟ್ಟಿದರೆ ನಗದೆ ಏನು ಮಾಡುವುದು. ಹಿಂಗ ಆಗತಿರತೈತ್ರಿ, ಲಖನ ಅಂದ, ಯಾರದೋ ಹೆಸರ ಯಾರದೋ ಬುಕ್ಕಿನ್ಯಾಗ ಬಿದ್ದಿರತೈತಿ, ಅರ್ಜಿಗೂ ದಾಖಲೆಗೂ ಹೊಂದಲಿಲ್ಲಂದ್ರ ಕಾರ್ಡ ಬರಂಗಿಲ್ಲ, ಒಂದ ಅಫಿಡವಿಟ್ ಮಾಡಿ ತಗಸಿಬಿಡೋಣು, ಮುಂದಿನ ಸೋಮವಾರ ಬರ್ರಿ.

ಆದರೆ ಯಾರಿರಬಹುದು ಈ ಫರಹಾದ — ಅವತ್ತು ಮನೆಗೆ ಮರಳುವ ಬಸ್ಸಿನ ತುಂಬ ಅದೇ ಯೋಚನೆ, ರಾಯಬಾಗ ಬಂದಿದ್ದೂ ತಿಳಿಯಲಿಲ್ಲ, ತೋಪಖಾನೆಯಲ್ಲಿ ತನ್ನ ಜೊತೆ ಗಾಡಿ ಓಡಿಸುತ್ತಿದ್ದ ಇನ್ನೊಬ್ಬ ಪೀರಸಾಬ ಇದ್ದನೇ, ಇಲ್ಲ, ಪೀರ್ ಮೊಹಮ್ಮದ್ ಅಂತ ಒಬ್ಬನಿದ್ದ, ಲಖನೌ ಕಡೆಯವನು, ಅವನಿಗೆ ಮದುವೆಯೇ ಆಗಿರಲಿಲ್ಲ, ಮತ್ತೆ ಈ ಫರಹಾದನ ಹುಟ್ಟಿದ ತಾರೀಖು ತೊಂಬತ್ತೊಂಬತ್ತರ ಜೂನ್ ಹನ್ನೊಂದು, ಅಂದರೆ ಈಗ ಅವನಿಗೆ ಇಪ್ಪತ್ತಾರು ತುಂಬಿದೆ, ದಾಖಲೆಯೊಳಗೆ ಕೂತು ಕೂತೇ ಬೆಳೆದಿದ್ದಾನೆ, ಮೀಸೆ ಬಂದಿರಬೇಕು, ಮುಂದಿನ ಸೀಟಿನ ಹುಡುಗ ಕಿಟಕಿಗೆ ತಲೆಯಾನಿಸಿ ನಿದ್ದೆ ಹೊಡೆಯುತ್ತಿದ್ದ, ಹೀಗೇ ಇರಬಹುದು ಫರಹಾದ, ಇಷ್ಟೇ ಎತ್ತರ. ನಿವೃತ್ತಿಯ ದಿನ ಪೆನ್ಸಿಲ್ಲಿನಿಂದ ಗುರುತು ಹಾಕಿದ ಕಡೆಯಲ್ಲೆಲ್ಲ ಸಹಿ ಹೊಡೆದಿದ್ದ, ಒಂದು ಕಾಗದವನ್ನೂ ಓದಿರಲಿಲ್ಲ, ಊರಿನ ರೈಲು ಹಿಡಿಯುವ ಅವಸರ, ಈ ಮಗ ಆಗಲೂ ಅದರೊಳಗಿದ್ದ, ಏಳು ವರ್ಷದವನು.

ಮನೆ ಮುಟ್ಟಿದಾಗ ರಹಿಮಾಬಿ ಅಂಗಳದ ಬಿಸಿಲಿಗೆ ಕಾಲು ಚಾಚಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು, ಅವನು ಚಪ್ಪಲಿ ಬಿಡುತ್ತಲೇ, ಕೇಳ ಇಲ್ಲೆ ರಹಿಮಾ, ನಮಗ ಇನ್ನೊಬ್ಬ ಮಗಾ ಅದಾನಂತ, ಫರಹಾದ ಅಂತ ಹೆಸರು, ಲಷ್ಕರದವರು ಬರಕೊಂಡಾರ — ಅವಳು ನಗಲಿಲ್ಲ. ಕೈಯಲ್ಲಿದ್ದ ಕಡ್ಡಿ ಕೈಯಲ್ಲೇ ಉಳಿಯಿತು. ಯಾರು ಅಂತ ಕೇಳಲಿಲ್ಲ, ತಾರೀಖ ಏನೈತ್ರಿ, ಅಂತ ಕೇಳಿದಳು. ಅವನು ಹೇಳಿದ. ಅದು ಮಗಾ ಅಲ್ರಿ, ಮಗಳು, ಫರಹತ. ಬಿಸಿಲು ಹಾಗೇ ಇತ್ತು, ಸೊಪ್ಪಿನ ಕಹಿ ವಾಸನೆ ಹಾಗೇ ಇತ್ತು, ಏನೂ ಕದಲಲಿಲ್ಲ, ಆದರೆ ಕೂಸು ಹೊಟ್ಯಾಗ ಹೋತಪಾ ಅಂದಿದ್ದಳಲ್ಲ ಅಮ್ಮ, ಆ ವರ್ಷ ನವೆಂಬರಿನಲ್ಲಿ ಅವನು ರಜೆಗೆ ಬಂದಾಗ, ಬಾಗಿಲಲ್ಲೇ, ಟ್ರಂಕು ಇಳಿಸುವ ಮೊದಲೇ, ಹೋತಪಾ, ಅಲ್ಲಾಹನ ಮರ್ಜಿ, ಆಕಿನ್ನ ಏನೂ ಕೇಳಬ್ಯಾಡ — ಕೇಳಿರಲಿಲ್ಲ. ಗಂಡೋ ಹೆಣ್ಣೋ ಅಂತಲೂ ಕೇಳಿರಲಿಲ್ಲ. ಹೊಟ್ಯಾಗ ಹೋಗಿರಲಿಲ್ರಿ, ಹತ್ತೊಂಬತ್ತ ದಿನಾ ಇತ್ತು, ಏಳನೇ ದಿನ ಹೆಸರ ಇಟ್ಟಿವಿ, ನಿಮ್ಮ ಅಬ್ಬಾ ಅವತ್ತೇ ನಮ್ಮ ಓಣಿ ಅಣ್ಣಾಸಾಬ ಸುಭೇದಾರರ ಕೈಲೆ ಎರಡ ಕಾಗದ ಬರಸಿದ್ರು, ಒಂದ ನಿಮಗ, ಒಂದ ನಿಮ್ಮ ಪಲ್ಟನ್ನಿನ ದಫ್ತರಕ್ಕ, ಆಮೇಲ ಜ್ವರ ಬಂತು. ಅವನಿಗೆ ಬರೆದದ್ದು ಬರಲೇ ಇಲ್ಲ, ಆ ಬೇಸಿಗೆ ಅವನು ಯುದ್ಧದಲ್ಲಿದ್ದ, ಮೇಲೆ ಬೆಟ್ಟದಲ್ಲಿ, ರಾತ್ರಿ ದೀಪ ಹಾಕದೆ ತೋಪಿನ ಗುಂಡು ಸಾಗಿಸುವ ದಿನಗಳು, ಯಾರ ಕಾಗದವೂ ಬಂದಿರಲಿಲ್ಲ, ದಫ್ತರಕ್ಕೆ ಬರೆದದ್ದು ಮಾತ್ರ ಹೇಗೋ ಮುಟ್ಟಿದೆ, ಯಾವನೋ ಗುಮಾಸ್ತ ಫರಹತವನ್ನು ಫರಹಾದ ಮಾಡಿ, ಮಗಳನ್ನು ಮಗ ಮಾಡಿ ಬರೆದುಕೊಂಡಿದ್ದಾನೆ. ಕೂಸು ಹೋದದ್ದನ್ನೂ ಬರೆಯಬೇಕಲ್ಲ ಅಂದರಂತೆ ಸುಭೇದಾರರು, ಅಬ್ಬಾ ಬೇಡವೆಂದರಂತೆ, ಸ್ಟೇರಿಂಗ ಹಿಡದ ಕೈ ಅಲ್ಲಿ ನಡಗಬಾರದು. ಹಂಗಾರ ನೀ ಯಾಕ ಹೇಳಲಿಲ್ಲ ರಹಿಮಾ, ಇಷ್ಟ ವರ್ಷ? ನೀವ ಕೇಳಲಿಲ್ರಿ.

ಈಗ ಕೇಳಿದ. ವಾರವಿಡೀ ಕೇಳಿದ, ಚಹಾ ಕುಡಿಯುವಾಗ, ಎಮ್ಮೆಗೆ ನೀರಿಡುವಾಗ, ಸಣ್ಣ ಹುಡುಗನ ಹಾಗೆ ಅವಳ ಹಿಂದೆ ಹಿಂದೆ ಹೋಗಿ, ಬಣ್ಣ ಹ್ಯಾಂಗಿತ್ತು, ನಿಮ್ಮಕಿಂತ ಒಂಚೂರು ತಿಳಿ, ಕೂದಲಾ, ಭಾಳ ಇತ್ತು, ಅಳತಿತ್ತೇನ, ಅಳೂದ ಕಡಿಮಿ, ಮತ್ತ ಏನ ಮಾಡತಿತ್ತು — ಅವಳು ಯೋಚಿಸಿದಳು, ಮೊದಲ ಸಲ ತುಟಿ ಸಡಿಲಾಯಿತು, ಆಕಳಸ್ತಿತ್ರಿ, ನಿಮ್ಮಂಗ, ಬಾಯಿ ಎಡಕ್ಕ ಸೊಟ್ಟ ಮಾಡಿ, ಎಲ್ಲೋ ದುಡದು ದಣದು ಬಂದವರಂಗ. ಅವನಿಗೆ ತಾನು ಹಾಗೆ ಆಕಳಿಸುವುದೇ ಗೊತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಬಸ್ಸಿಗೆ ಹೊರಟವನನ್ನು ಅವಳು ಹೊಸ್ತಿಲಲ್ಲಿ ತಡೆದು, ಗೋಡೆ ಹಿಡಿದು ನಿಂತು ಅಂದಿದ್ದಳು, ತಗಸಬ್ಯಾಡ್ರಿ ಆ ಹೆಸರ, ಪುರಸಭೆ ಕಾಗದದಾಗ ಇಲ್ಲ, ದವಾಖಾನ್ಯಾಗ ಇಲ್ಲ, ಖಬರಸ್ತಾನದಾಗ ಕಲ್ಲ ಸುದ್ದಾ ಇಲ್ಲ, ಲಷ್ಕರದವರಷ್ಟ ಬರಕೊಂಡಾರ, ತಪ್ಪ ಬರದಿದ್ರೂ ಬರಕೊಂಡಾರ. ಕಾರ್ಡ ತಡಾ ಆಕ್ಕೈತಿ ರಹಿಮಾ, ನಿನ್ನ ಮೊಣಕಾಲ — ಮೊಣಕಾಲ ನಂದರಿ, ನಾ ತಡೀತೀನಿ.

ಕಾಕಾ, ಇಲ್ಲಿ ಸಹಿ ಮಾಡ್ರಿ, ಲಖನ ಮೊಬೈಲು ಎತ್ತಿ ಅರ್ಜಿ ಮುಂದೆ ಸರಿಸಿದ, ಫರಹಾದ ಎಂಬ ಮಗ ನನಗೆ ಹುಟ್ಟಿರುವುದಿಲ್ಲ, ಸದರಿ ಹೆಸರನ್ನು ತೆಗೆದುಹಾಕಬೇಕು — ಹುಟ್ಟಿರುವುದಿಲ್ಲ, ಎಷ್ಟು ಸಲೀಸು, ಪೆನ್ನು ಕೈಯಲ್ಲಿದೆ, ಪೀರಸಾಬ ಅದನ್ನು ಕೆಳಗಿಟ್ಟ. ತಗಿಯೂದ ಬ್ಯಾಡ ಲಖನ, ತಿದ್ದೋಣು, ಮಗಾ ಇದ್ದದ್ದು ಮಗಳು ಆಗಬೇಕು, ಹೆಸರ ಫರಹತ. ಲಖನ ಅವನ ಮುಖ ನೋಡಿದ, ಪರದೆ ನೋಡಿದ, ಮತ್ತೆ ಮುಖ ನೋಡಿದ, ಈಗ ಎಲ್ಲಿ ಅದಾರ್ರಿ ಅವರು, ಇಲ್ಲಪಾ, ಹತ್ತೊಂಬತ್ತ ದಿನಾ ಇದ್ದಳು. ಫ್ಯಾನು ತಿರುಗಿತು. ಲಖನನ ದನಿ ತಗ್ಗಿತು, ಸಾಕ್ಷಿ ಬೇಕಾಕ್ಕೈತ್ರಿ ಕಾಕಾ, ತಿಂಗಳಗಟ್ಲೆ ತಿರಗಾಡಸ್ತಾರ, ಹೆರಿಗಿ ಮಾಡಿಸಿದ ಸೂಲಗಿತ್ತಿ ಸುಂದ್ರವ್ವ ಅದಾಳ, ಪೀರಸಾಬ ಅಂದ, ಕಣ್ಣ ಕಾಣಂಗಿಲ್ಲ, ಹೆಬ್ಬೆಟ್ಟ ಒತ್ತತೀನಿ ಅಂದಾಳ, ಬರಿ ನೀನು. ಹಳೆಯ ಅರ್ಜಿಯನ್ನು ಲಖನ ಎರಡಾಗಿ ಮಡಚಿ ಪಕ್ಕಕ್ಕಿಟ್ಟ, ಹೊಸದನ್ನು ತೆಗೆದ, ಹೆಸರು, ಫರಹತ, ಸಂಬಂಧ, ಮಗಳು, ಹುಟ್ಟಿದ್ದು, ಜೂನ್ ಹನ್ನೊಂದು, ತೀರಿಕೊಂಡದ್ದು? ಪೀರಸಾಬ ಬೆರಳು ಮಡಚಿ ಎಣಿಸಿದ, ಜೂನ್ ಮೂವತ್ತು — ಮೂವತ್ತನೇ ತಾರೀಖು ತಾನು ಎಲ್ಲಿದ್ದೆ, ಹುಡುಕುತ್ತಾನೆ, ಇಂಜಿನ್ನಿನ ಬಿಸಿ, ಬೂಟಿನೊಳಗಿನ ಒದ್ದೆ, ಯಾರೋ ಕೊಟ್ಟ ಕಪ್ಪು ಚಹಾ, ಅದು ಇಪ್ಪತ್ತೆಂಟೋ ಎರಡನೇ ತಾರೀಖೋ, ಆ ಒಂದು ದಿನ ಮಾತ್ರ ಸಿಗುತ್ತಿಲ್ಲ, ಕುಡಚಿಯ ಆ ಕೋಣೆ, ತೊಟ್ಟಿಲು, ಮುಖ ಕಾಣಲಿ ಒಂದು ಸಲ, ಮುಖವಿಲ್ಲ, ಕಣ್ಣಿಲ್ಲ, ಬಾಯಿ ಅಷ್ಟೇ — ಅವನ ದವಡೆ ತಾನಾಗಿಯೇ ಸಡಿಲಾಯಿತು, ಆಕಳಿಕೆ ಬಂತು, ಅಡ್ಡ ಹಿಡಿಯಲು ಕೈ ಎತ್ತಿದ, ಕೈ ಅರ್ಧಕ್ಕೇ ನಿಂತಿತು, ಕಾಕಾ, ಲಖನ ಕರೆಯುತ್ತಿದ್ದಾನೆ, ಬಾಯಿ, ಹಲ್ಲಿಲ್ಲದ ಪುಟ್ಟ ಬಾಯಿ, ಎಡಕ್ಕೆ ಸೊಟ್ಟಗೆ, ತೆರೆಯುತ್ತಿದೆ, ಇನ್ನೂ ತೆರೆಯುತ್ತಿದೆ