ಅಕ್ಕನ ಎಡಗಾಲಿನ ಅಳತೆ

ಬೇರೆಲ್ಲೂ ಷೂ ಸಿಗದವರು ಅಕ್ಕ-ತಮ್ಮ ಷೂ ಹೊಲಿಯುತ್ತಿದ್ದ ಆ ಅಂಗಡಿಗೆ ಬರುತ್ತಿದ್ದರು. ಒಂದು ಕಾಲು ಗಿಡ್ಡ ಇದ್ದವರು, ಬೆರಳು ಕಳೆದುಕೊಂಡವರು, ಪಾದ ಒಳಕ್ಕೆ ತಿರುಗಿದವರು. ಮುನ್ನೂರ ಹನ್ನೆರಡು ಜನರ ಅಳತೆ ಗೋಡೆ ಪಕ್ಕದ ಹಳೇ ಕಂಪ್ಯೂಟರಿನಲ್ಲಿತ್ತು. ಎಲ್ಲವನ್ನೂ ಕೂಡಿಸಿಟ್ಟವನು ಅಕ್ಕನ ತಮ್ಮ. ಅವನು ತೀರಿಹೋಗಿ ಐದು ತಿಂಗಳಾಗಿತ್ತು.

ಅಕ್ಕನದೂ ಎಡಗಾಲು ಗಿಡ್ಡ. ಆಸ್ಪತ್ರೆ ಸೇರುವ ಹಿಂದಿನ ವಾರ ತಮ್ಮ ಹೊಲಿದ ಕೊನೆಯ ಜೋಡಿ ಅವಳದೇ. ಮೂರು ಸಲ ಅಳತೆ ತಿದ್ದಿದ್ದ. ಅದನ್ನು ಹಾಕಿಕೊಂಡ ದಿನ ಅವಳು ಸೊಂಟ ಹಿಡಿದುಕೊಳ್ಳದೆ ಬೀದಿಯ ತುದಿಯವರೆಗೆ ಹೋಗಿ ಬಂದಳು.

ಕಂಪ್ಯೂಟರಿನ ಮೂಲೆಯಲ್ಲಿ ದಿನಾ ಒಂದು ಸಂದೇಶ ಏಳುತ್ತಿತ್ತು. ‘ನಿಮ್ಮ ಆಪರೇಟಿಂಗ್ ಸಿಸ್ಟಂ ಹಳತಾಗಿದೆ. ಅಪ್‌ಡೇಟ್ ಮಾಡಿ.’ ಅಕ್ಕ ದಿನಾ ‘ಆಮೇಲೆ’ ಒತ್ತುತ್ತಿದ್ದಳು.

“ಎಷ್ಟು ಸಲ ಅಟ್ಟಿದರೂ ಮತ್ತೆ ಬರುತ್ತೆ. ನಾಚಿಕೆ ಅನ್ನೋದೇ ಇಲ್ಲ ಇದಕ್ಕೆ.”

ತಮ್ಮನ ಹೆಂಡತಿ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಅಕ್ಕ ಅವಳನ್ನು ಟೀಚರಮ್ಮ ಎಂದೇ ಕರೆಯುತ್ತಿದ್ದಳು.

“ಅತ್ತಿಗೆ, ಹೀಗೇ ಬಿಟ್ಟರೆ ಒಂದಲ್ಲ ಒಂದು ದಿನ ಕೈಕೊಡುತ್ತೆ. ಸುಮ್ಮನೆ ಅಪ್‌ಡೇಟ್ ಮಾಡಿದರೂ ಕಷ್ಟ. ಅಳತೆಯ ಪ್ರೋಗ್ರಾಂ ಹೊಸ ಸಿಸ್ಟಂನಲ್ಲಿ ತೆರೆಯಲ್ಲ. ಮೊದಲು ಎಲ್ಲದರ ಪ್ರತಿ ತೆಗೀತೀನಿ. ಆಮೇಲೆ ಒಂದು ಹೊಸ ಕಂಪ್ಯೂಟರಿನೊಳಗೆ ಈ ಹಳೇದನ್ನ ಇದ್ದ ಹಾಗೇ ಕೂರಿಸ್ತೀನಿ.”

“ಕಂಪ್ಯೂಟರಿನೊಳಗೆ ಕಂಪ್ಯೂಟರಾ? ನಿನ್ನ ಶಾಲೆ ಮಕ್ಕಳಿಗೆ ಹೇಳು, ನಂಬ್ತಾರೆ.”

“ವರ್ಚುವಲ್ ಮೆಷಿನ್ ಅಂತಾರೆ. ಮನೆಯೊಳಗೆ ಒಂದು ಕೋಣೆ ಇದ್ದ ಹಾಗೆ.”

“ಅವನು ಇಟ್ಟದ್ದು ಇಟ್ಟಲ್ಲೇ ಇರಲಿ. ನೀನೂ ಮುಟ್ಟಬೇಡ.”

ಟೀಚರಮ್ಮ ಮತ್ತೆ ಎರಡು ಸಲ ಹೇಳಿದಳು. ಆಮೇಲೆ ಹೇಳುವುದನ್ನು ಬಿಟ್ಟಳು. ಆಗ ಅವಳಿಗೂ ಹೆಚ್ಚು ಮಾತಾಡುವ ಶಕ್ತಿ ಇರಲಿಲ್ಲ.

ಒಂದು ಬೆಳಿಗ್ಗೆ, ಗಿರಾಕಿ ಬಾಗಿಲಲ್ಲಿ ನಿಂತಿರುವಾಗ, ಅವಸರದಲ್ಲಿ ಅಕ್ಕ ‘ಆಮೇಲೆ’ ಬದಲು ‘ಈಗಲೇ’ ಒತ್ತಿಬಿಟ್ಟಳು. ಪರದೆ ನೀಲಿಯಾಯಿತು. ‘ಶೇಕಡ 37. ಕಂಪ್ಯೂಟರ್ ಆಫ್ ಮಾಡಬೇಡಿ.’ ತಮ್ಮನದೆಲ್ಲ ಅಳಿಸಿ ಹೋಗುತ್ತಿದೆ ಎಂದುಕೊಂಡಳು. ಓಡಿ ಹೋಗಿ ಪ್ಲಗ್ ಕಿತ್ತಳು.

ಅದು ಮತ್ತೆ ಏಳಲಿಲ್ಲ. ಒಳಗಿನ ಡಿಸ್ಕ್ ಮೊದಲೇ ಸೋತಿತ್ತಂತೆ, ಅರ್ಧದಲ್ಲಿ ಪ್ಲಗ್ ಕಿತ್ತಾಗ ಪೂರ್ತಿ ಕೈಕೊಟ್ಟಿತಂತೆ. ರಿಪೇರಿಯವನು ಎರಡು ವಾರ ಇಟ್ಟುಕೊಂಡು, ಒಳಗಿನದೇನೂ ತೆಗೆಯಲಾಗದೆ ವಾಪಸು ಕೊಟ್ಟ.

“ನಾನೇ ಕೊಂದೆ ಕಣೇ,” ಎಂದಳು ಅಕ್ಕ.

ಟೀಚರಮ್ಮ ಗಂಡನ ಬೀರುವನ್ನೆಲ್ಲ ಹುಡುಕಿ ಒಂದು ಪುಟ್ಟ ಹಾರ್ಡ್ ಡಿಸ್ಕ್ ತಂದಳು. ಕಾಯಿಲೆ ಬೀಳುವ ಮೊದಲು ತಮ್ಮನೇ ಇಡೀ ಕಂಪ್ಯೂಟರಿನ ಪ್ರತಿ ತೆಗೆದಿಟ್ಟಿದ್ದ. ಹೊಸ ಕಂಪ್ಯೂಟರಿನಲ್ಲಿ ಅವಳು ಆ ಕೋಣೆ ಮಾಡಿದಳು. ಒಂದು ಚೌಕದೊಳಗೆ ಹಳೇ ಪರದೆ ಮೂಡಿತು. ಅವನಿಟ್ಟ ಚಿತ್ರ, ಅವನ ಹೆಸರು. ಅಕ್ಕ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

ಒಬ್ಬ ಗಿರಾಕಿಯ ಅಳತೆ ತೆರೆದಾಗ ಕೆಳಗೆ ಅವನು ಬರೆದಿದ್ದ ಸಾಲು ಕಂಡಿತು: ‘ಹೆಬ್ಬೆರಳಿಗೆ ಇನ್ನಷ್ಟು ಜಾಗ ಬಿಡು. ಇವರು ನೋವಾದರೂ ಹೇಳುವುದಿಲ್ಲ.’

“ಈ ಕೋಣೆಗೆ ಇಂಟರ್ನೆಟ್ ಕೊಟ್ಟಿಲ್ಲ,” ಎಂದಳು ಟೀಚರಮ್ಮ. “ಹಳೇ ಸಿಸ್ಟಂಗೆ ಈಗ ರಕ್ಷಣೆ ಇಲ್ಲ. ಅದು ಹೊರಗೆ ಹೋಗೋದು ಬೇಡ, ಹೊರಗಿನ ವೈರಸ್ ಒಳಗೆ ಬರೋದೂ ಬೇಡ.”

ಅಷ್ಟರಲ್ಲಿ ಹೊಸ ಕಂಪ್ಯೂಟರಿನ ಮೂಲೆಯಲ್ಲಿ ಅಪ್‌ಡೇಟ್ ಸಂದೇಶ ಎದ್ದಿತು. ಅಕ್ಕನ ಕೈ ಪ್ಲಗ್ಗಿನ ಕಡೆ ಹೋಯಿತು.

“ಅತ್ತಿಗೆ! ಇದು ಹೊರಗಿನ ಮನೆಗೆ. ಇದು ಬೇಕು. ಮೊದಲು ಒಳಗಿನ ಕೋಣೆ ಮುಚ್ಚೋಣ. ಅದರ ಪ್ರತಿ ತೆಗೆಯೋಣ. ಆಮೇಲೆ ಕೆಲಸ ಇಲ್ಲದ ಹೊತ್ತಲ್ಲಿ ಒತ್ತೋಣ. ಒತ್ತಿದ ಮೇಲೆ ಮುಗಿಯೋವರೆಗೆ ಕಾಯಬೇಕು.”

“ಒಳಗಿನದು ಹಾಳಾದರೆ?”

“ತೆಗೆದಿಟ್ಟ ಪ್ರತಿ ಇರುತ್ತಲ್ಲ.”

ಅಂಗಡಿ ಬಾಗಿಲು ಹಾಕಿ, ಕೋಣೆ ಮುಚ್ಚಿ ಪ್ರತಿ ತೆಗೆದ ಮೇಲೆ ಅಕ್ಕ ತಾನೇ ಒತ್ತಿದಳು. ಮುಗಿಯುವವರೆಗೂ ಕೈಕಟ್ಟಿ ಕೂತಳು. ಮತ್ತೆ ಕೋಣೆ ತೆರೆದು ಎಣಿಸಿದರು. ಮುನ್ನೂರ ಹನ್ನೊಂದು.

ಇಲ್ಲದ್ದು ಒಂದೇ. ತಮ್ಮ ಪ್ರತಿ ತೆಗೆದಿಟ್ಟ ಮೇಲೆ ಮಾಡಿದ್ದ ಅಕ್ಕನ ಅಳತೆ.

ಅಕ್ಕ ತನ್ನ ಕಾಲನ್ನು ತಾನೇ ಅಳೆದು ಎರಡು ಜೋಡಿ ಹೊಲಿದಳು. ಎರಡರಲ್ಲೂ ಸೊಂಟ ನೋಯಿತು. ತಮ್ಮನ ಜೋಡಿಯ ಅಟ್ಟೆ ಸವೆಯುತ್ತ ಬಂತು. ಅಳತೆ ಉಳಿದಿದ್ದದ್ದು ಆ ಷೂವಿನೊಳಗೆ ಮಾತ್ರ.

ಕೊನೆಗೆ ಅಕ್ಕ ಎಡಗಾಲಿನ ಷೂ ಕಳಚಿ ಮೇಜಿನ ಮೇಲಿಟ್ಟಳು.

“ಬಿಚ್ಚು.”

“ಅವರ ಕೈಯ ಹೊಲಿಗೆ, ಅತ್ತಿಗೆ.”

“ಗೊತ್ತು. ಬಿಚ್ಚು.”

ಟೀಚರಮ್ಮ ಒಂದೊಂದೇ ಹೊಲಿಗೆ ಬಿಚ್ಚಿದಳು. ಅಕ್ಕ ತುಂಡುಗಳನ್ನು ಅಳೆದು ಬರೆದಳು. ಮುನ್ನೂರ ಹನ್ನೆರಡನೆಯ ಅಳತೆ ಕೋಣೆಗೆ ಸೇರಿತು. ಅವತ್ತೇ ಪ್ರತಿ ತೆಗೆದರು. ಬಿಚ್ಚಿದ ತುಂಡುಗಳು ಒಂದು ಚೀಲದಲ್ಲಿವೆ. ಅವನ್ನು ಮತ್ತೆ ಅವನ ಹಾಗೆ ಹೊಲಿಯುವವರು ಯಾರೂ ಇಲ್ಲ.

ಓದುತ್ತಿರುವ ನಿಮ್ಮ ಅಂಗಡಿಯಲ್ಲೋ ಮನೆಯಲ್ಲೋ ಹೀಗೊಂದು ಹಳೇ ಕಂಪ್ಯೂಟರ್ ಇರಬಹುದು. ಹೆದರಿ ಹಾಗೇ ಬಿಡಬೇಡಿ, ಅವಸರದಲ್ಲಿ ಒತ್ತಲೂಬೇಡಿ. ಇವತ್ತೇ ಪ್ರತಿ ತೆಗೆಯಿರಿ. ಹಳೆಯದು ಬೇಕೇ ಬೇಕಿದ್ದರೆ ತಿಳಿದವರನ್ನು ಕೇಳಿ, ಹೊಸದರೊಳಗೆ ಅದಕ್ಕೊಂದು ಕೋಣೆ ಮಾಡಿಸಿ, ಇಂಟರ್ನೆಟ್ ಕೊಡಬೇಡಿ. ಹೊರಗಿನದನ್ನು ಅಪ್‌ಡೇಟ್ ಮಾಡುತ್ತಿರಿ. ನಡುವೆ ಪ್ಲಗ್ ಕೀಳಬೇಡಿ.

ಅಕ್ಕನಿಗೆ ಬಿಚ್ಚಲು ಒಂದು ಷೂ ಉಳಿದಿತ್ತು. ನಿಮಗೆ ಅದೂ ಉಳಿಯದೆ ಹೋಗಬಹುದು.