ಖಾಲಿ ಉಳಿದ ನಾಲ್ಕನೇ ಪಾಲು

ನಾನು ಒಂದು ಸರ್ವರ್. ನನಗೆ ಪರದೆಯಿಲ್ಲ, ಕೀಬೋರ್ಡಿಲ್ಲ. ಚಪ್ಪಟೆಯಾದ ಕಬ್ಬಿಣದ ಪೆಟ್ಟಿಗೆ, ಒಳಗೆ ಆರು ಫ್ಯಾನು. ಸಮುದ್ರದಾಚೆಯ ಕಾರ್ಖಾನೆಯೊಂದರಲ್ಲಿ ಕೈಗವಸು ತೊಟ್ಟ ಹೆಂಗಸೊಬ್ಬಳು ನನ್ನ ಕೊನೆಯ ಸ್ಕ್ರೂ ಬಿಗಿದು, ಬೆನ್ನಿಗೆ ನಂಬರಿನ ಚೀಟಿ ಅಂಟಿಸಿ, ಮುಂದಿನ ಪೆಟ್ಟಿಗೆಯ ಕಡೆಗೆ ತಿರುಗಿದಳು. ನನ್ನ ಹುಟ್ಟು ಅಷ್ಟೇ.

ಮೊದಲ ನಾಲ್ಕು ವರ್ಷ ಬೆಂಗಳೂರಿನ ಒಂದು ವಿಮಾ ಕಂಪನಿಯ ನೆಲಮಾಳಿಗೆಯಲ್ಲಿ ಕಳೆದೆ. ಒಬ್ಬರೇ ಧಣಿ, ಒಂದೇ ಕೆಲಸ. ಹೊಸ ಯಂತ್ರ ಬಂದ ದಿನ ನನ್ನನ್ನು ಸೆಕೆಂಡ್‌ಹ್ಯಾಂಡ್ ಅಂಗಡಿಗೆ ಸಾಗಿಸಿದರು. ಅಲ್ಲಿಂದ ನನ್ನನ್ನು ಆರಿಸಿಕೊಂಡವಳು ಹುಬ್ಬಳ್ಳಿಯ ಅನಸೂಯಾ ಬೆಟಗೇರಿ. ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುವುದನ್ನು ಬಿಟ್ಟು ಸ್ವಂತ ಉದ್ಯೋಗ ಹೂಡಿದ್ದಳು. ಲಗೇಜಿನ ಜೊತೆ ಹಾಕಿದರೆ ಎಲ್ಲಿ ಏಟು ಬಿದ್ದೀತೋ ಎಂದು ಬಸ್ಸಿನಲ್ಲಿ ನನಗೂ ಒಂದು ಸೀಟು ಹಿಡಿದು, ಕೌದಿ ಸುತ್ತಿ ಪಕ್ಕದಲ್ಲಿ ಕೂರಿಸಿಕೊಂಡಳು. ದಾರಿಯುದ್ದಕ್ಕೂ ಅವಳ ಕೈ ನನ್ನ ಮೇಲಿತ್ತು.

ವಿದ್ಯಾನಗರದ ಒಂದು ಸ್ಟೇಷನರಿ ಅಂಗಡಿಯ ಮಹಡಿಯಲ್ಲಿ ಎರಡು ಖೋಲಿ. ಒಳಗಿನ ಖೋಲಿ ನನ್ನದು. ಜನರ ವೆಬ್‌ಸೈಟುಗಳನ್ನು ಇಟ್ಟುಕೊಂಡು ಕೇಳಿದವರಿಗೆ ತೋರಿಸುವುದು ನಮ್ಮ ವ್ಯಾಪಾರ. ಅನಸೂಯಾ ನನ್ನ ಬಲವನ್ನು ಎರಡು ಭಾಗ ಮಾಡಿದಳು. ಒಂದರ್ಧದಲ್ಲಿ ನೂರರವತ್ತು ಸೈಟುಗಳು ಒಟ್ಟಿಗೆ ಬಾಳುತ್ತಿದ್ದವು. ಇನ್ನರ್ಧವನ್ನು ನಾಲ್ಕು ಪಾಲು ಮಾಡಿ ಒಂದೊಂದು ಪಾಲನ್ನು ಒಬ್ಬೊಬ್ಬರಿಗೇ ಕೊಡುತ್ತಿದ್ದಳು. ಮೂರು ಪಾಲಿಗೆ ಬೇಗ ಒಕ್ಕಲು ಬಂದರು.

ದಸ್ತಗೀರಸಾಬ ಹಲಗೇರಿ ಬಂದದ್ದು ಒಂದು ಬೇಸಿಗೆಯಲ್ಲಿ. ಮಲಪ್ರಭೆಯ ದಂಡೆಯ ಹೊಳೆಗುಪ್ಪಿಯವರು. ನೀರಾವರಿ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಹೊಳೆಯ ಮಟ್ಟ ಓದಿ ಬರೆದು ನಿವೃತ್ತರಾದವರು. ನಿವೃತ್ತಿಯಾದರೂ ಕೈ ಸುಮ್ಮನಿರದೆ, ಪ್ರತಿ ತಾಸಿಗೆ ಹೊಳೆಯ ಮಟ್ಟ, ಮೇಲಿನ ಅಣೆಕಟ್ಟೆಯಿಂದ ಬಿಟ್ಟ ನೀರು, ಊರ ಮುಂದಿನ ತಗ್ಗಿನ ಸೇತುವೆ ದಾಟಬಹುದೋ ಇಲ್ಲವೋ ಎಂಬುದನ್ನು ಒಂದು ವೆಬ್‌ಸೈಟಿನಲ್ಲಿ ಹಾಕಬೇಕೆಂದಿದ್ದರು. ಯಾವುದನ್ನು ತೆಗೆದುಕೊಳ್ಳಲಿ ಎಂದು ಕೇಳಿದರು. ಅನಸೂಯಾ ಅವರನ್ನು ನನ್ನ ಖೋಲಿಗೇ ಕರೆತಂದು ವಿವರಿಸಿದಳು.

"ಶೇರ್ಡ್ ಹೋಸ್ಟಿಂಗ್ ಅಂದ್ರ ಚಾಳಿನ್ಯಾಗ ಒಂದು ಖೋಲಿ ಹಿಡದಂಗ, ಚಾಚಾ. ನಳ ಒಂದ, ಎಲ್ಲಾರೂ ಅದರಾಗ ಹಿಡ್ಕೋಬೇಕು. ವಿಪಿಎಸ್ ಅಂದ್ರ ಅದ ಜಾಗಾದಾಗ ನಿಮ್ಮ ಸ್ವಂತ ಮನಿ. ನಳ ನಿಮ್ದ. ಬಾಜೂದವ್ರು ಎಷ್ಟ ಹಿಡದ್ರೂ ನಿಮಗ ಕಮ್ಮಿ ಆಗೂದಿಲ್ಲ."

"ನನಗ ಯಾವುದು ಬೇಕ್ರೀ ಅಕ್ಕಾರ?"

ದಿನಕ್ಕೆ ನಲವತ್ತು ಮಂದಿ ನೋಡುವ ಸೈಟಿಗೆ ಚಾಳು ಸಾಕು ಎಂದಳು ಅನಸೂಯಾ. ಮಳೆಗಾಲದಲ್ಲಿ ನೋಡುವವರು ಹೆಚ್ಚಾಗುತ್ತಾರೆ ಎಂದು ಅವರು ಅಂದಾಗ, ಹೆಚ್ಚಾದಾಗ ಮನೆ ಬದಲಿಸೋಣ ಎಂದು ಮಾತು ಕೊಟ್ಟಳು. ಅದು ಆ ದಿನಕ್ಕೆ ಸರಿಯಾದ ಸಲಹೆಯೇ ಆಗಿತ್ತು.

ಎರಡು ಮಳೆಗಾಲ ಕಳೆಯಿತು. ಸುತ್ತಲಿನ ಒಂಬತ್ತು ಹಳ್ಳಿಯವರು ಹೊರಡುವ ಮೊದಲು ದಸ್ತಗೀರಸಾಬರ ಪುಟ ತೆರೆದು ನೋಡುವುದನ್ನು ರೂಢಿ ಮಾಡಿಕೊಂಡರು. ನಲವತ್ತು ಹೋಗಿ ಎರಡು ಸಾವಿರವಾಯಿತು. ಸಂಜೆಯ ಹೊತ್ತು ಆ ಪುಟ ತಡೆದು ತಡೆದು ತೆರೆಯತೊಡಗಿತು. ಅವರಿಗೆ ಸಿಗುತ್ತಿರುವ ಬಲ ಸಾಲುತ್ತಿಲ್ಲವೆಂದು ನಾನು ದಿನವೂ ನನ್ನ ದಾಖಲೆಯಲ್ಲಿ ಬರೆಯುತ್ತಿದ್ದೆ. ಬರೆಯುವುದಷ್ಟೇ ನನಗೆ ಗೊತ್ತಿದ್ದದ್ದು.

ಮೂರನೆಯ ವರ್ಷ, ಮುಂಗಾರು ಬಲಿಯುತ್ತಿದ್ದಾಗ ದಸ್ತಗೀರಸಾಬರು ಫೋನು ಮಾಡಿ, ಸ್ವಂತ ಪಾಲು ಕೊಡಿರೆಂದು ಕೇಳಿದರು. ಆಗ ನನ್ನ ನಾಲ್ಕನೇ ಪಾಲು ಖಾಲಿಯೇ ಇತ್ತು. ಆದರೆ ಅನಸೂಯಾ ಅದನ್ನು ತಮ್ಮನಿಗೆಂದು ಕಾದಿರಿಸಿದ್ದಳು.

ಅದರ ಹಿಂದೊಂದು ಕಥೆಯಿದೆ. ಅನಸೂಯಾ ಬೇರೆ ಜಾತಿಯ ಯಮನೂರನನ್ನು ಮದುವೆಯಾದ ದಿನದಿಂದ ತಮ್ಮ ಶ್ರೀಕಾಂತ ಆರು ವರ್ಷ ಅವಳೊಡನೆ ಮಾತು ಬಿಟ್ಟಿದ್ದ. ಆ ಯುಗಾದಿಗೆ ಅವನಾಗಿಯೇ ಫೋನು ಮಾಡಿ, ಸೀರೆ ಮಾರುವ ಸೈಟು ಶುರು ಮಾಡುತ್ತೇನೆ, ನಿನ್ನ ಯಂತ್ರದಲ್ಲಿ ನನಗೊಂದು ಜಾಗ ಇಡು ಅಕ್ಕಾ ಎಂದ. ಫೋನಿಟ್ಟ ಮೇಲೆ ಅವಳು ನನ್ನ ಮುಂದೆ ಕೂತು ತುಂಬ ಹೊತ್ತು ಅತ್ತಳು. ಮೂರು ತಿಂಗಳಾದರೂ ಶ್ರೀಕಾಂತ ಸೈಟು ತರಲಿಲ್ಲ. ಬರುವ ವಾರ, ಬರುವ ವಾರ ಎನ್ನುತ್ತಿದ್ದ. ಅವಳು ಮತ್ತೆ ಕೇಳಲಿಲ್ಲ. ಕೇಳಿದರೆ ಎಲ್ಲಿ ಆ ಎಳೆಯೂ ಕಡಿದೀತೋ ಎಂಬ ಭಯ.

ಹಾಗಾಗಿ ದಸ್ತಗೀರಸಾಬರಿಗೆ ಅವಳು, "ಸದ್ಯಕ್ಕ ಇರೂದ ಸಾಕಾಗ್ತದ ಚಾಚಾ. ಮುಂದ ನೋಡೂಣು," ಎಂದಳು. ಜಾಗವಿಲ್ಲ ಎಂದಿದ್ದರೆ ಅವರು ಬೇರೆ ಕಡೆ ಹೋಗುತ್ತಿದ್ದರು. ಇದೆ ಎಂದಿದ್ದರೆ ಕೊಡಬೇಕಾಗುತ್ತಿತ್ತು. ನನ್ನ ದಾಖಲೆ ತೆರೆಯಲು ಅವಳಿಗೆ ಎರಡು ನಿಮಿಷ ಸಾಕಿತ್ತು. ತೆರೆಯಲಿಲ್ಲ. ಅದರಲ್ಲಿ ಏನಿದೆಯೆಂದು ಅವಳಿಗೆ ಅಂದಾಜಿತ್ತೆಂದೇ ನಾನು ನಂಬಿದ್ದೇನೆ.

ಆಗಸ್ಟಿನ ಒಂದು ಭಾನುವಾರ ಶ್ರೀಕಾಂತನ ಮಗಳಿಗೆ ಹೆಸರಿಡುವ ಶಾಸ್ತ್ರ. ಧಾರವಾಡಕ್ಕೆ ಅಕ್ಕನಿಗೂ ಕರೆ ಬಂದಿತ್ತು. ಆರು ವರ್ಷದ ಮೇಲೆ ತವರಿನ ಊಟ. ಅನಸೂಯಾ ಬೆಳಿಗ್ಗೆಯೇ ಹೊರಟಳು. ಫೋನನ್ನು ಸದ್ದಿಲ್ಲದಂತೆ ಮಾಡಿ ಬ್ಯಾಗಿಗೆ ಹಾಕಿದ್ದಳಂತೆ.

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ದಸ್ತಗೀರಸಾಬರು ಬರೆದರು: ಮೇಲಿನಿಂದ ನೀರು ಬಿಟ್ಟಿದೆ, ಐದರೊಳಗೆ ತಗ್ಗಿನ ಸೇತುವೆ ಮುಳುಗುತ್ತದೆ, ಯಾರೂ ಇಳಿಯಬೇಡಿ. ನಾನು ಅದನ್ನು ಬರೆದಿಟ್ಟುಕೊಂಡೆ. ಎರಡೂವರೆಗೆ ಅದೇ ಚಾಳಿನ ಇನ್ನೊಂದು ಸೈಟು, ಒಂದು ಕೋಚಿಂಗ್ ಕ್ಲಾಸಿನದು, ಬೆಳಿಗ್ಗೆ ಮುಗಿದ ಪರೀಕ್ಷೆಯ ಉತ್ತರಗಳನ್ನು ಹಾಕಿತು. ಸಾವಿರಗಟ್ಟಲೆ ಹುಡುಗರು ಒಮ್ಮೆಗೇ ನುಗ್ಗಿದರು. ಚಾಳಿನಲ್ಲಿ ಯಾರು ಹೆಚ್ಚು ನೂಕುತ್ತಾರೋ ಅವರಿಗೆ ಹೆಚ್ಚು ಸಿಗುತ್ತದೆ. ನನ್ನ ಅರ್ಧ ಮೈ ಕಾದು ಉಸಿರು ಕಟ್ಟಿತು. ದಸ್ತಗೀರಸಾಬರ ಪುಟ ಕೇಳಿ ಬಂದವರನ್ನು ನಾನು ಒಬ್ಬೊಬ್ಬರನ್ನಾಗಿ ಬರಿಗೈಯಲ್ಲಿ ಕಳಿಸಿದೆ. ಉಳಿದರ್ಧದಲ್ಲಿ, ನಾಲ್ಕನೇ ಪಾಲಿನಲ್ಲಿ, ಎಲ್ಲವೂ ತಣ್ಣಗಿತ್ತು. ಮೂರರಿಂದ ಆರೂಮುಕ್ಕಾಲರವರೆಗೆ ಹೊಳೆಯ ಪುಟ ಯಾರಿಗೂ ತೆರೆಯಲಿಲ್ಲ.

ಹೊಳೆಗುಪ್ಪಿಯ ನಿಂಗಪ್ಪ ತಳವಾರ ಹಾಲಿನ ಗಾಡಿ ಓಡಿಸುವವನು. ದಿನಾ ಸಂಜೆ ಪುಟ ನೋಡಿಯೇ ಸೇತುವೆಗೆ ಇಳಿಯುತ್ತಿದ್ದ. ಅಂದು ಅವನ ಫೋನಿನಲ್ಲಿ ಹೊಸದು ತೆರೆಯದೆ, ಬೆಳಿಗ್ಗೆ ನೋಡಿದ ಹಳೆಯ ಪುಟವೇ ಉಳಿದಿತ್ತು. ಸೇತುವೆ ದಾಟಬಹುದು ಎಂದಿತ್ತು. ಅವನು ಇಳಿದ. ನಡುವೆ ನೀರು ಏರಿ ಬಂದು ಗಾಡಿಯನ್ನು ಕಂಬಕ್ಕೆ ಒತ್ತಿತು. ದೋಣಿಯವರು ಬರುವಷ್ಟರಲ್ಲಿ ಒಂದು ಕಾಲು ಗಾಡಿಯ ಕೆಳಗೆ ಜಜ್ಜಿಹೋಗಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ತೆಗೆದರು.

ದಸ್ತಗೀರಸಾಬರು ಅನಸೂಯಾಗೆ ಹನ್ನೊಂದು ಸಲ ಫೋನು ಮಾಡಿದ್ದರು. ಅವಳು ನೋಡಿದ್ದು ಏಳು ಗಂಟೆಗೆ, ಧಾರವಾಡದ ಬಸ್‌ಸ್ಟ್ಯಾಂಡಿನಲ್ಲಿ. ತಿರುಗಿ ಫೋನು ಮಾಡಿದಾಗ ಅವರು ಬೈಯಲಿಲ್ಲ. ಹಿಂಗಾತ್ರಿ ಎಂದು ಹೇಳಿ ಇಟ್ಟರಂತೆ.

ಮರುದಿನ ಬೆಳಿಗ್ಗೆ ಅವಳು ಮೊದಲ ಸಲ ನನ್ನ ದಾಖಲೆ ತೆರೆದಳು. ಎರಡು ತಿಂಗಳ ಸಾಲುಗಳನ್ನು ಒಂದೊಂದಾಗಿ ಓದಿದಳು. ನಂತರ ದಾಖಲೆ ಮುಚ್ಚಿದಳು. ಯಾರಿಗೂ ಹೇಳಲಿಲ್ಲ.

ಮೂರು ವಾರ ಹಾಗೇ ಹೋಯಿತು. ಊರಿನಿಂದ ಸುದ್ದಿ ಬರುತ್ತಿತ್ತು. ಸಾಬರು ಆ ದಿನ ಬರೆಯಲೇ ಇಲ್ಲ, ಭಾನುವಾರವೆಂದು ಮಲಗಿದ್ದರು ಎಂದು ಜನ ಆಡಿಕೊಂಡರು. ಪುಟ ನೋಡುವವರು ಕಮ್ಮಿಯಾದರು. ನನಗೆ ಅದು ಎಣಿಕೆಯಲ್ಲೇ ಗೊತ್ತಾಗುತ್ತಿತ್ತು: ಎರಡು ಸಾವಿರ ಹೋಗಿ ಮುನ್ನೂರು. ಆದರೂ ಅವರು ಪ್ರತಿ ತಾಸಿಗೆ ಮಟ್ಟ ಬರೆಯುವುದನ್ನು ಬಿಡಲಿಲ್ಲ. ಪುಟದಲ್ಲಿ ಹೊಸ ಮಟ್ಟ ಬಂದೊಡನೆ ಹಳೆಯದು ಅಳಿದುಹೋಗುತ್ತಿದ್ದರಿಂದ, ಆ ದಿನ ಅವರು ಬರೆದಿದ್ದರೆಂಬುದಕ್ಕೆ ಸಾಕ್ಷಿ ನನ್ನೊಳಗೆ ಮಾತ್ರ ಇತ್ತು. ಓದಿದವಳು ಅನಸೂಯಾ ಒಬ್ಬಳೇ.

ಒಂದು ಮಧ್ಯಾಹ್ನ ಯಮನೂರ ಊಟದ ಡಬ್ಬಿ ತಂದಾಗ ಅವಳು ಎಲ್ಲವನ್ನೂ ಹೇಳಿದಳು. ತಮ್ಮನಿಗೆಂದು ಇಟ್ಟ ಜಾಗದ ಮಾತನ್ನೂ ಬಿಡಲಿಲ್ಲ. ಯಮನೂರ ಅವಳನ್ನು ಸಮಾಧಾನಪಡಿಸಲು ಹೋಗಲಿಲ್ಲ. "ಮುದುಕ ಮನಷ್ಯಾ ನಿನ್ನ ತಪ್ಪು ಹೊತ್ಕೊಂಡು ಅಡ್ಡ್ಯಾಡಾಕತ್ತಾನ. ಇದನ್ನ ನನಗ ಹೇಳಿದ್ರ ಏನ್ ಆತು?" ಎಂದ.

ಮರುದಿನ ಅವಳು ನನ್ನ ದಾಖಲೆಯನ್ನು ಅಚ್ಚು ಹಾಕಿಕೊಂಡು ಹೊಳೆಗುಪ್ಪಿಗೆ ಹೋದಳು. ಅಲ್ಲಿ ನಡೆದದ್ದನ್ನು ನಾನು ಕಂಡಿಲ್ಲ. ಅವಳು ಬಂದು ಗಂಡನಿಗೆ ಹೇಳಿದ್ದನ್ನು ಕೇಳಿದ್ದೇನೆ.

ಪಂಚಾಯಿತಿ ಆಫೀಸಿನ ಪಡಸಾಲೆಯಲ್ಲಿ ಇಪ್ಪತ್ತು ಮೂವತ್ತು ಮಂದಿ ಸೇರಿದ್ದರಂತೆ. ನಿಂಗಪ್ಪನನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಅವಳು ಹಾಳೆ ಹಿಡಿದು, ಚಾಚಾ ಎರಡು ಹತ್ತಕ್ಕೇ ಬರೆದಿದ್ದಾರೆ, ತೋರಿಸದೆ ಹೋದದ್ದು ನನ್ನ ಯಂತ್ರ ಎಂದಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಯಂತ್ರದ ಮೇಲೆ ಹಾಕಿದರೆ ಜನ ಒಪ್ಪುತ್ತಾರೆ. ಅವಳು ನಿಲ್ಲಿಸಲಿಲ್ಲ. ಚಾಚಾ ಸ್ವಂತ ಪಾಲು ಕೇಳಿದ್ದರು, ನನ್ನ ಹತ್ತಿರ ಇತ್ತು, ತಮ್ಮನಿಗೆಂದು ಇಟ್ಟುಕೊಂಡು ಇವರಿಗೆ ಸುಳ್ಳು ಹೇಳಿದೆ ಎಂದಳು.

ನಿಂಗಪ್ಪ ಕೇಳಿದ: "ಆವತ್ತು ಅದು ಖಾಲಿ ಇತ್ತೇನ್ರೀ?"

"ಖಾಲಿ ಇತ್ತು."

"ನಿಮ್ಮ ತಮ್ಮ ಬಂದನೇನ್ರೀ?"

"ಇನ್ನೂ ಬಂದಿಲ್ಲ."

ಅವನು ತನ್ನ ಕಾಲಿದ್ದ ಜಾಗವನ್ನು ನೋಡಿದ. ಆಮೇಲೆ ದಸ್ತಗೀರಸಾಬರ ಕಡೆ ತಿರುಗಿ, ನಿಮಗ ಏನೇನೋ ಅಂದೀನಿ ಚಾಚಾ, ಮನಸ್ಸಿನ್ಯಾಗ ಇಟ್ಕೋಬ್ಯಾಡ್ರಿ ಎಂದ.  ಅನಸೂಯಾ ಹೊರಡುವಾಗ ಅವನು ಮುಖ ಎತ್ತಲಿಲ್ಲ.

ದಸ್ತಗೀರಸಾಬರು ಬಸ್ಸಿನವರೆಗೆ ಬಂದರು. ಅವಳು ನಾಲ್ಕನೇ ಪಾಲನ್ನು ಇವತ್ತೇ ನಿಮಗೆ ಕೊಡುತ್ತೇನೆ ಎಂದಾಗ ತಲೆ ಅಲ್ಲಾಡಿಸಿದರು. "ಬ್ಯಾಡ್ರಿ ಅಕ್ಕಾರ. ನೀವು ಬಂದು ಹೇಳಿದ್ರಿ, ಅದು ದೊಡ್ಡದು. ಆದ್ರ ಇನ್ನ ಮ್ಯಾಲೆ ನಿಮ್ಮನ್ನ ಕೇಳೂದು ನನ್ನಿಂದ ಆಗೂದಿಲ್ಲ." ಹದಿನೈದು ದಿನದಲ್ಲಿ ಅವರ ಸೈಟು ಬೇರೆ ಊರಿನ ಬೇರೆ ಯಂತ್ರಕ್ಕೆ ಹೋಯಿತು. ಅಲ್ಲಿ ಅದಕ್ಕೆ ಸ್ವಂತ ಪಾಲು ಸಿಕ್ಕಿತು.

ಅನಸೂಯಾ ಒಂದು ಸಂಜೆ ಶ್ರೀಕಾಂತನಿಗೆ ಫೋನು ಮಾಡಿ, ನಿನಗೆ ಇಟ್ಟ ಜಾಗ ತೆಗೆದಿದ್ದೇನೆ ಎಂದಳು. ಯಾಕೆ ಎಂದು ಪೂರ್ತಿ ಹೇಳಿದಳು. ಅವನು, ನಾನೇನು ನಿನಗೆ ಹಾಗೆ ಮಾಡು ಅಂದಿದ್ದೆನೇನು ಎಂದು ಫೋನಿಟ್ಟ. ಮತ್ತೆ ಮಾತು ನಿಂತಿತು. ಈ ಸಲ ಅವಳು ಅಳಲಿಲ್ಲ. ಚಾಳಿನ ಸೈಟುಗಳನ್ನು ಅರ್ಧಕ್ಕೆ ಇಳಿಸಿ ಎರಡು ವರ್ಷ ನಡೆಸಿದಳು. ನಂತರ ಅಂಗಡಿ ಮುಚ್ಚಿ ಮತ್ತೆ ಪಾಲಿಟೆಕ್ನಿಕ್ ಸೇರಿದಳು. ನನ್ನನ್ನೂ ಕರೆದುಕೊಂಡು ಹೋದಳು.

ಈಗ ನಾನು ಅಲ್ಲಿನ ಲ್ಯಾಬಿನ ಮೂಲೆಯ ಮೇಜಿನ ಮೇಲಿದ್ದೇನೆ. ಮೇಲಿನ ಮುಚ್ಚಳವಿಲ್ಲ, ಕರೆಂಟೂ ಇಲ್ಲ. ಮಕ್ಕಳು ನನ್ನ ಬಿಡಿಭಾಗ ತೆಗೆದು ನೋಡಿ ಮತ್ತೆ ಹಾಕುತ್ತಾರೆ. ಕೆಲವನ್ನು ತಪ್ಪು ಜಾಗದಲ್ಲಿ ಹಾಕುತ್ತಾರೆ. ನೋವೇನಿಲ್ಲ.

ನಾನಿಲ್ಲಿಗೆ ಬಂದ ಮೊದಲ ವರ್ಷ ಒಬ್ಬಳು ವಿದ್ಯಾರ್ಥಿನಿ, ಈ ಮಷೀನು ಏನು ಮಾಡುತ್ತಿತ್ತು ಮೇಡಂ ಎಂದು ಕೇಳಿದಾಗ ಅನಸೂಯಾ, ಹಳೇದು, ಕಲಿಯಲಿಕ್ಕೆ ಇಟ್ಟದ್ದು ಎಂದಳು. ಈ ವರ್ಷ ಶೇರ್ಡ್ ಮತ್ತು ವಿಪಿಎಸ್ ಪಾಠದ ದಿನ ಯಾರೂ ಕೇಳಿರಲಿಲ್ಲ. ಅವಳಾಗಿಯೇ ಸೀಮೆಸುಣ್ಣ ಕೆಳಗಿಟ್ಟು, ನಿಂಗಪ್ಪನ ಹೆಸರು ಹೇಳಿ, ತನ್ನ ಹೆಸರು ಹೇಳಿ, ಮೊದಲಿನಿಂದ ಕೊನೆಯವರೆಗೆ ಹೇಳಿದಳು. ತನಗೆ ಗೊತ್ತಿರಲಿಲ್ಲ ಎಂಬ ಮಾತನ್ನು ಒಂದು ಸಲವೂ ಆಡಲಿಲ್ಲ.

ಅಂದಿನಿಂದ ನಾನು ಯೋಚಿಸುತ್ತಿದ್ದೇನೆ. ಹೇಳಿದಷ್ಟು ಮಾಡುವ ಯಂತ್ರ ನಾನು, ನನ್ನದೇನು ತಪ್ಪು ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಆದರೆ ಆ ಮೂರೂಮುಕ್ಕಾಲು ತಾಸು ಬಾಗಿಲಿಗೆ ಬಂದವರನ್ನು ತಿರುಗಿ ಕಳಿಸಿದ್ದು ನಾನೇ. ಒಳಗೆ ಜಾಗವಿದ್ದದ್ದು ನನಗೆ ಗೊತ್ತಿತ್ತು.