ಬ್ಯಾಡಗಿಯ ಗಾಜಿನ ಬಾಗಿಲು

ಗಂಡ ಚನ್ನೇಶ ತೀರಿಕೊಂಡಾಗ ನಿರ್ಮಲಾ ಅಳಲಿಲ್ಲ. ರಾಣೆಬೆನ್ನೂರಿನ ಓಣಿಯ ಹೆಂಗಸರು ಮೊದಲು 'ಗಟ್ಟಿ ಹೆಣ್ಣುಮಗಳು' ಎಂದರು, ಆಮೇಲೆ 'ಕಲ್ಲೆದೆಯವಳು' ಎಂದರು. ಆಡುವವರ ಬಾಯಿಗೆ ಬೀಗ ಹಾಕಲಾದೀತೇ? ನಿಜ ಹೇಳಬೇಕೆಂದರೆ ಅವಳಿಗೆ ಏನೂ ಅನ್ನಿಸುತ್ತಲೇ ಇರಲಿಲ್ಲ. ರೊಟ್ಟಿಗೆ ರುಚಿಯಿರಲಿಲ್ಲ. ಕಾದ ಹಂಚು ತಗುಲಿದರೂ ಕೈ ತಡವಾಗಿ ಹಿಂದೆ ಬರುತ್ತಿತ್ತು.

ಅವಳಿಗೆ ಬೇಕಾಗಿದ್ದು ಒಂದೇ, ಚನ್ನೇಶನ ಗಾಜಿನ ಅಂಗಡಿ. ಅವನ ಜೊತೆ ಅಳತೆ ಹಿಡಿದವಳು, ಗಾಜು ಕೂಡಿಸಿದವಳು ಅವಳೇ. ಮೈದುನ ಶಶಿಕಾಂತನಿಗೆ ಅಲ್ಲಿ ಮೊಬೈಲ್ ಅಂಗಡಿ ಹಾಕುವ ಹುಚ್ಚು. ನಿರ್ಧಾರ ಅತ್ತೆ ಸುಶೀಲವ್ವನದು.

"ಬ್ಯಾಡಗಿ ಬಾಗಲಾ ಒಂದು ಸುಸೂತ್ರ ಕೂಡಿಸಿ ತೋರಸು. ಅಂಗಡಿ ಯಾರಿಗೆ ಅನ್ನೂದು ಆಮ್ಯಾಲೆ ನೋಡೂಣು," ಎಂದಿದ್ದಳು ಮುದುಕಿ. ನೋಡಲು ತಾನೂ ಶಶಿಕಾಂತನ ಜೊತೆ ಟೆಂಪೋ ಹತ್ತಿ ಬ್ಯಾಡಗಿಗೆ ಬಂದಳು.

ಬಾಗಿಲು ಪ್ರಭುಲಿಂಗಪ್ಪನ ಹೊಸ ಸೀರೆ ಅಂಗಡಿಯದು. ಕೂಡಿಸಿ ಮುಗಿದ ಮೇಲೆ ಆಳೆತ್ತರದ ಆ ಗಾಜನ್ನು ನೋಡಿ ಅವನಿಗೆ ಗಾಬರಿ.

"ಇದು ತಡೀತೈತೇನವಾ ತಂಗಿ?"

ನಿರ್ಮಲಾ ಸುತ್ತಿಗೆ ತೆಗೆದು ಗಾಜಿನ ನಡುಮಧ್ಯಕ್ಕೆ ಒಂದೇಟು ಹಾಕಿದಳು. ಗೀರೂ ಬೀಳಲಿಲ್ಲ. ನೆರೆದವರು ಬಾಯಿ ಬಿಟ್ಟು ನೋಡಿದರು.

"ಭಟ್ಟಿಯೊಳಗ ಕಾಸಿ, ಒಮ್ಮೆಲೆ ತಣ್ಣನ್ ಗಾಳಿ ಊದತಾರ್ರಿ. ಮ್ಯಾಲಿಂದು ಲಗೂ ಬಿಗಿತೈತಿ, ಒಳಗಿಂದು ತಡಾ ಮಾಡಿ ಆರತೈತಿ. ಆ ಜಗ್ಗಾಟ ಒಳಗ ಉಳಿದು ಗಟ್ಟಿ ಆಗತೈತಿ. ಆದ್ರ ಅಂಚಿಗೆ ಪೆಟ್ಟು ಬಿದ್ರ ಪೂರಾ ಹೋತು."

ಪ್ರಭುಲಿಂಗಪ್ಪನ ಕಿವಿಗೆ 'ಗಟ್ಟಿ' ಎಂಬುದಷ್ಟೇ ಬಿದ್ದಿತ್ತು. ಆಗಲೇ ಬೀಗರ ಮುಂದೆ ಗಾಜಿಗೆ ಗುದ್ದಿ ಗುದ್ದಿ ತೋರಿಸುತ್ತಿದ್ದ.

ಹೊಸ ಅಂಗಡಿಯ ಪೂಜೆಯಲ್ಲಿ ಹೊಸ್ತಿಲಿಗೆ ಕಾಯಿ ಒಡೆಯುವಾಗ ಗಾಜಿನ ಕೆಳಮೂಲೆಗೆ ಗೋಣಿಚೀಲ ಮಡಚಿ ಹಿಡಿಯುವುದು ಚನ್ನೇಶನ ಪದ್ಧತಿ. ನಿರ್ಮಲಾ ಚೀಲ ಹಿಡಿದು ಹೊಸ್ತಿಲ ಬಳಿ ಕುಳಿತಳು. ಪ್ರಭುಲಿಂಗಪ್ಪ ಕೆಟ್ಟವನಲ್ಲ, ಶಾಸ್ತ್ರವೆಂದರೆ ಜೀವ ಬಿಡುವವನು, ಅಷ್ಟೇ.

"ತಪ್ಪ ತಿಳಕೋಬ್ಯಾಡವಾ. ಗಂಡನ್ನ ಕಳಕೊಂಡಾಕಿ ನೀನು. ಪೂಜಾ ಮುಗಿಯೂತನಕಾ ಒಂಚೂರು ಆ ಕಡೆ ನಿಂದರು."

ಅವಮಾನವೂ ಅನ್ನಿಸಲಿಲ್ಲ ಅವಳಿಗೆ. ಚೀಲದ ಸಮೇತ ಎದ್ದು ರಸ್ತೆಗೆ ಹೋದಳು. ಸುಶೀಲವ್ವ ಯಾರೂ ಹೇಳದೆಯೇ ಆಗಲೇ ಅಲ್ಲಿ ನಿಂತಿದ್ದಳು. ಅವಳೂ ಗಂಡನನ್ನು ಕಳೆದುಕೊಂಡವಳು.

ಕಾಯಿ ಒಡೆಯಿತು. ಒಂದು ಹೋಳು ಪುಟಿದು ಗಾಜಿನ ಮೂಲೆಗೆ ಬಡಿಯಿತು. ಸುತ್ತಿಗೆಗೆ ಜಗ್ಗದ ಬಾಗಿಲು ಉಪ್ಪಿನ ಹರಳಿನಂತೆ ಸುರಿದುಹೋಯಿತು. ಯಾರಿಗೂ ಪೆಟ್ಟಾಗಲಿಲ್ಲ.

"ಗಟ್ಟಿ ಅಂದೆಲ್ಲವಾ!" ಎಂದು ಪ್ರಭುಲಿಂಗಪ್ಪ ಕೂಗಿದ.

"ನಾ ಹೇಳಿದ್ದಿಲ್ಲೇನ ಯವ್ವಾ?" ಎಂದು ಶಶಿಕಾಂತ ತಾಯಿಯ ಕಡೆ ತಿರುಗಿದ. "ಹೆಂಗಸರ ಕೈಯಾಗಿನ ಕೆಲಸ ಅಲ್ಲ ಇದು."

"ಅಂಚಿಗೆ ಚೀಲಾ ಹಿಡಿಯಾಕ ಕುಂತಿದ್ದೆರಿ," ಎಂದಳು ನಿರ್ಮಲಾ. "ನೀವ ಆ ಕಡೆ ಹೋಗು ಅಂದ್ರಿ." ದನಿಯಲ್ಲಿ ಸಿಟ್ಟಿರಲಿಲ್ಲ. ಅಂಗಡಿ ಕೈಬಿಟ್ಟಿತೆಂದು ಅವಳಿಗೆ ಗೊತ್ತಾಗಿತ್ತು. ಅದಕ್ಕಾದರೂ ದುಃಖ ಬಂದೀತೆಂದು ಕಾದಳು, ಬರಲಿಲ್ಲ.

ಸುಶೀಲವ್ವ ಸೀರೆಯ ನಿರಿಗೆ ಎತ್ತಿ ಹಿಡಿದು ರಸ್ತೆಯಿಂದ ಮೇಲೆ ಬಂದಳು. ಚಪ್ಪಲಿಯ ಕೆಳಗೆ ಗಾಜು ಕರಕರ ಎಂದಿತು. ನೆಟ್ಟಗೆ ಹೊಸ್ತಿಲ ಮೇಲೆ ನಿಂತಳು.

"ಗಂಡ ಸತ್ತಾಗಿಂದ ನಾನೂ ಮಂದಿ ಪೂಜಾದಾಗ ರೋಡಿನ್ಯಾಗ ನಿಂತೇನಿ, ಯಪ್ಪಾ. ನನ್ನ ಸೊಸಿ ನಿಲ್ಲೂದಿಲ್ಲ. ಹೊಸಾ ಬಾಗಲಾ ಆಕೀನ ಕೂಡಸ್ತಾಳ, ನಮ್ಮ ಅಂಗಡೀನೂ ಆಕೀನ ನಡಸ್ತಾಳ. ಕಾಯಿ ಒಡೆಯೂ ಮುಂದ ಇಲ್ಲೇ ಇರತಾಳ. ಶಶಿ, ಕಸಬರಿಗಿ ತಗೊಂಬಾ. ನಿರ್ಮಲಾ, ಟೇಪ್ ತಗಿ."

ಪ್ರಭುಲಿಂಗಪ್ಪ ತಲೆ ತಗ್ಗಿಸಿ ಪಕ್ಕಕ್ಕೆ ಸರಿದ. ಮುದುಕಿ ಕುಕ್ಕರಗಾಲಿನಲ್ಲಿ ಕುಳಿತು ಟೇಪಿನ ತುದಿಯನ್ನು ಹೊಸ್ತಿಲಿಗೆ ಒತ್ತಿದಳು, ಅದೂ ತಿರುವುಮುರುವಾಗಿ.

"ಹಿಂಗ ಹಿಡೀರಿ, ಅತ್ತೀ," ಎಂದು ನಿರ್ಮಲಾ ಬಗ್ಗಿ ಅವಳ ಹೆಬ್ಬೆರಳನ್ನು ಸರಿಮಾಡಿದಳು. ಅತ್ತೆಯ ಕೈ ಬೆಚ್ಚಗಿತ್ತು. ಎಷ್ಟೋ ದಿನಗಳ ಮೇಲೆ ಆ ಬಿಸುಪು ಮಾತ್ರ ಅವಳ ಬೆರಳಿಗೆ ತಟ್ಟನೆ ತಿಳಿಯಿತು.